ಉಸಿರಿನ ಪಾಳಿ

ಕೈಗೆ ಸೋಪು ಹಚ್ಚಿ ಮೊಣಕೈವರೆಗೂ ನೊರೆ ಎಬ್ಬಿಸಿಕೊಂಡ ಮೇಲೆ ನಲ್ಲಿ ಒಂದೆರಡು ಸಲ ಕೆಮ್ಮಿತು, ನೂಲಿನಷ್ಟು ತೆಳ್ಳಗಾಯಿತು, ನಿಂತೇಹೋಯಿತು. ಡಾಕ್ಟರಮ್ಮ ನೊರೆಗೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದುಕೊಂಡು, ಎದುರಿಗೆ ಯಾರೋ ಬಂದೂಕು ತೋರಿಸಿದ ಹಾಗೆ, ಬೇಸಿನ್ನಿನ ಮುಂದೆ ನಿಂತಳು. ಯಾರನ್ನಾದರೂ ಕೂಗಿ ಬಕೆಟ್ಟಿನಲ್ಲಿ ನೀರು ತರಿಸಬಹುದಿತ್ತು. ಕೂಗಲಿಲ್ಲ. ಹೀಗೆ ನಿಂತಿರುವಷ್ಟು ಹೊತ್ತು ಆ ಹೆಂಗಸಿನ ಹತ್ತಿರ ಹೋಗಬೇಕಾಗಿಲ್ಲ, ಕೇಳಬೇಕಾದ್ದನ್ನು ಕೇಳಬೇಕಾಗಿಲ್ಲ ಎಂಬ ಸಣ್ಣ ಸಮಾಧಾನವೊಂದು ಒಳಗೆ ತಲೆಯೆತ್ತಿದ್ದು ಗೊತ್ತಾಗಿ ತನಗೇ ನಾಚಿಕೆಯಾಯಿತು. ಬೆಳಗಿನಿಂದ ಮನಸ್ಸಿನಲ್ಲೇ ವಾಕ್ಯಗಳನ್ನು ಜೋಡಿಸುತ್ತಿದ್ದಾಳೆ. ‘ನಿಮ್ಮ ತಂದೆಯವರ ಸ್ಥಿತಿ ನಿಮಗೆ ಗೊತ್ತೇ ಇದೆ.’ ಇದು ಸೂಪರಿಂಟೆಂಡೆಂಟರ ದನಿ. ‘ಅಮ್ಮಾ, ನಿಮ್ಮ ಹತ್ತಿರ ಒಂದು ಮಾತು.’ ಇದು ಏನನ್ನೋ ಲಪಟಾಯಿಸಲು ಬಂದವರ ದನಿ. ಹೇಗೆ ತಿರುಗಿಸಿ ಮುರುಗಿಸಿ ನೋಡಿದರೂ ಕೊನೆಗೆ ಬಸ್ಸಿನಲ್ಲಿ ‘ಸ್ವಲ್ಪ ಸರಿದು ಕೂತ್ಕೊಳ್ತೀರಾ’ ಅಂದ ಹಾಗೆಯೇ ಕೇಳಿಸುತ್ತಿತ್ತು.

ಕೇಳಬೇಕಾಗಿದ್ದದ್ದು ಉಸಿರಾಟದ ಮೆಷಿನ್ನನ್ನು. ಆಸ್ಪತ್ರೆಯಲ್ಲಿ ಹೇಳಿಕೊಳ್ಳುವುದಕ್ಕೆ ಎರಡಿದ್ದವು. ಒಂದು ಸ್ಟೋರ್ ರೂಮಿನ ಮೂಲೆಯಲ್ಲಿ ಬೆಡ್‌ಶೀಟು ಹೊದ್ದು, ಎಲ್ಲಿಂದಲೋ ಬರಬೇಕಾದ ಬಿಡಿಭಾಗಕ್ಕೆ ಕಾಯುತ್ತ ನಿಂತು ಎಷ್ಟು ಕಾಲವಾಗಿತ್ತೆಂದರೆ, ಅದರ ತಲೆಯ ಮೇಲೆ ತೊಳೆದ ಗ್ಲೌಸುಗಳನ್ನು ಒಣಹಾಕುವುದು ಎಲ್ಲರಿಗೂ ರೂಢಿಯಾಗಿಬಿಟ್ಟಿತ್ತು. ಇನ್ನೊಂದು, ದೊಡ್ಡ ವಾರ್ಡಿನ ಬಾಗಿಲ ಪಕ್ಕದ ಮಂಚದಲ್ಲಿ, ಪೋಸ್ಟಜ್ಜನಿಗೆ ಉಸಿರು ಊದುತ್ತಿತ್ತು. ಪೋಸ್ಟಜ್ಜ ರಿಟೈರಾದ ಪೋಸ್ಟ್‌ಮ್ಯಾನ್. ಊರಿನ ಅರ್ಧ ಬಾಗಿಲುಗಳನ್ನು ತಟ್ಟಿದ್ದ ಮನುಷ್ಯ ಬಚ್ಚಲಲ್ಲಿ ಕುಸಿದು ಬಿದ್ದಿದ್ದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ತಂದ ದಿನ ಮೆಷಿನ್ ಖಾಲಿಯಿತ್ತು, ಹಾಕಿದರು. ಮಾರನೆಯ ದಿನಕ್ಕೆ ಅವನ ಕಣ್ಣಿನ ಪಾಪೆಗಳು ಅಗಲವಾಗಿ ನಿಂತುಬಿಟ್ಟವು. ಡಾಕ್ಟರಮ್ಮ ದಿನವೂ ಟಾರ್ಚು ಬಿಟ್ಟು ನೋಡುತ್ತಾಳೆ. ಬೀಗ ಹಾಕಿದ ಮನೆಯೊಳಕ್ಕೆ ಕಿಟಕಿಯಿಂದ ಇಣುಕಿದ ಹಾಗಾಗುತ್ತದೆ. ಅವನ ಮಗಳು, ಹೊಲಿಗೆ ಕ್ಲಾಸು ನಡೆಸುವ, ಹೆಚ್ಚುಕಡಿಮೆ ಡಾಕ್ಟರಮ್ಮನದೇ ವಯಸ್ಸಿನ ಒಂಟಿ ಹೆಂಗಸು, ಪಕ್ಕದ ಸ್ಟೂಲು ಬಿಟ್ಟು ಕದಲುವುದಿಲ್ಲ. ಅಳುವುದೂ ಇಲ್ಲ. ಅಪ್ಪನ ತಲೆ ಬಾಚುತ್ತಾಳೆ, ಉಗುರು ತೆಗೆಯುತ್ತಾಳೆ, ಮೆತ್ತಗೆ ಬೈಯುತ್ತಾಳೆ: “ಸೋಪು ನೆಲದ ಮೇಲೆ ಬಿಡಬೇಡ ಅಂತ ಬಡ್ಕೊಂಡೆ. ನನ್ನ ಮಾತು ಯಾವತ್ತು ಕೇಳಿದೀಯ ನೀನು?” ಹೀಗೆ ಬೈಯುವವರ ಹತ್ತಿರ ಏನು ಕೇಳುವುದು? ಅತ್ತಿದ್ದರೆ ಸುಲಭವಾಗುತ್ತಿತ್ತು. ಅಳುವವರ ಭುಜದ ಮೇಲೆ ಕೈಯಿಟ್ಟರೆ ಅರ್ಧ ಮಾತು ಆಡಿದಂತೆಯೇ.

ಸೋಪು ಕೈಮೇಲೆ ಒಣಗಿ ಚರ್ಮ ಬಿಗಿಯತೊಡಗಿತು. ಕೊನೆಗೆ ಹಿರಿಯ ಸಿಸ್ಟರೇ ಬಂದು ಒಂದು ಬಾಟಲಿ ನೀರು ಸುರಿದಳು. “ಕೇಳಿದ್ರಾ ಮೇಡಂ?” ಅಂದಳು. “ಇನ್ನೂ ಇಲ್ಲ.” ಸಿಸ್ಟರ್ ಖಾಲಿ ಬಾಟಲಿಯ ಮುಚ್ಚಳವನ್ನು ಬೇಕಿದ್ದಕ್ಕಿಂತ ಬಿಗಿಯಾಗಿ ತಿರುಗಿಸಿದಳು, ಅಷ್ಟೇ.

ಮೆಷಿನ್ ಬೇಕಾಗಿದ್ದದ್ದು ಪೇಂಟರನಿಗೆ. ನಸುಕಿನಲ್ಲಿ ಅವನನ್ನು ಅವನಣ್ಣ ಹೆಗಲ ಮೇಲೆ ಹೊತ್ತು ತಂದಿದ್ದ. ಅರ್ಧ ಕಟ್ಟಿದ ಮನೆಯೊಂದಕ್ಕೆ ಬಣ್ಣ ಬಳಿಯುವ ಕೆಲಸ. ಅಲ್ಲೇ ನೆಲದ ಮೇಲೆ ಮಲಗಿದ್ದನಂತೆ. ಹಾವು ಕಚ್ಚಿದ್ದು ಅವನಿಗೇ ಗೊತ್ತಾಗಿರಲಿಲ್ಲ, ಸೊಳ್ಳೆ ಕಚ್ಚಿದಷ್ಟೂ ನೋವಿರಲಿಲ್ಲ. ಎದ್ದು ಕೂತು, ನಾಲಗೆ ದಪ್ಪವಾದ ಹಾಗಿದೆ ಅಂದ. ರೆಪ್ಪೆ ಜೋತುಬಿದ್ದಿದ್ದು ನೋಡಿ ಅಣ್ಣ, ಏನೋ ಎಲ್ಲಿ ಕುಡ್ಕೊಂಡು ಬಂದೆ ಎಂದು ನಗುತ್ತ ಕೆನ್ನೆಗೆ ತಟ್ಟಿದ್ದನಂತೆ. ಅದನ್ನೇ ಎಲ್ಲರೆದುರೂ ಮತ್ತೆ ಮತ್ತೆ ಹೇಳಿ ಅಳುತ್ತಿದ್ದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ರೆಪ್ಪೆ, ಗಂಟಲು, ಎದೆ, ಒಂದೊಂದಾಗಿ ಬಾಗಿಲು ಹಾಕಿಕೊಂಡಿದ್ದವು. ಡಾಕ್ಟರಮ್ಮ ವಿಷಕ್ಕೆ ಮದ್ದು ಕೊಟ್ಟಳು, ಗಂಟಲೊಳಗೆ ಕೊಳವೆ ಇಳಿಸಿದಳು, ಕೊಳವೆಯ ತುದಿಗೆ ಕೈಯಿಂದ ಒತ್ತುವ ರಬ್ಬರು ಬ್ಯಾಗು ಸಿಕ್ಕಿಸಿದಳು. ಈ ವಿಷ ಕೊಲ್ಲುವುದಿಲ್ಲ, ಕಟ್ಟಿಹಾಕುತ್ತದೆ. ಕೆಲವು ದಿನ ಯಾರಾದರೂ ಅವನ ಬದಲಿಗೆ ಉಸಿರಾಡಿದರೆ ಸಾಕು, ಕಟ್ಟು ತಾನೇ ಸಡಿಲವಾಗುತ್ತದೆ, ಮನುಷ್ಯ ಎದ್ದು ಕೂತು ಹಸಿವು ಅನ್ನುತ್ತಾನೆ. ವಾರ್ಡಿನ ಅಷ್ಟೂ ಮಂಚಗಳಲ್ಲಿ ಖಂಡಿತವಾಗಿ ಬದುಕಬಹುದಾದವನು ಅವನೊಬ್ಬನೇ ಎಂಬುದು ಡಾಕ್ಟರಮ್ಮನನ್ನು ಬೆಳಗಿನಿಂದ ಹಿಂಡುತ್ತಿತ್ತು. ಬದುಕದವರ ಜೊತೆ ಇರುವುದು ಅವಳಿಗೆ ಅಭ್ಯಾಸವಾಗಿತ್ತು.

ಬ್ಯಾಗು ಒತ್ತುವುದನ್ನು ಮನೆಯವರಿಗೇ ಕಲಿಸಬೇಕು. ಇದು ಇಲ್ಲಿ ಮಾಮೂಲು. ಅಷ್ಟು ಮಂಚಗಳಿಗೆ ಒಬ್ಬಳು ಸಿಸ್ಟರ್, ಒಬ್ಬಳು ಟ್ರೇನಿ. ಅಣ್ಣ ಮೊದಲ ಪಾಳಿ ಮಾಡಿದ. ಆಮೇಲೆ ಅಮ್ಮನಿಗೆ ಸುದ್ದಿ ಮುಟ್ಟಿಸಿ ಕರೆದುಕೊಂಡು ಬರುತ್ತೇನೆಂದು ಹೋದ. ಜೊತೆಗೇ ಓಡಿಬಂದಿದ್ದ ಹೆಂಡತಿ ಬ್ಯಾಗು ಹಿಡಿದಳು. ಇನ್ನೂ ಹುಡುಗಿ, ಕೈಬೆರಳ ಸಂದಿಯಲ್ಲಿ ಅವಳಿಗೂ ನೀಲಿ ಬಣ್ಣದ ಕಲೆ. ಗಂಡನ ಜೊತೆ ಗೋಡೆ ಉಜ್ಜುವ ಕೆಲಸಕ್ಕೆ ಹೋಗುತ್ತಿದ್ದಳಂತೆ. “ನೀನು ಹೇಗೆ ಉಸಿರಾಡ್ತೀಯೋ ಹಾಗೇ ಒತ್ತು,” ಅಂದಳು ಡಾಕ್ಟರಮ್ಮ. “ನೀನು ಒಳಗೆ ತಗೊಂಡಾಗ ಒತ್ತು, ಹೊರಗೆ ಬಿಟ್ಟಾಗ ಬಿಡು. ಜೋರಾಗಿ ಬೇಡ, ಗಡಿಬಿಡಿ ಬೇಡ. ಏನೇ ಆದ್ರೂ ನಿಲ್ಲಿಸ್ಬೇಡ.” ಅವಳ ಕೈ ಮೇಲೆ ತನ್ನ ಕೈಯಿಟ್ಟು ಒಂದಿಷ್ಟು ಹೊತ್ತು ಒತ್ತಿಸಿದಳು. “ಮಾತಾಡ್ತಾ ಇರು ಅವನ ಹತ್ರ. ಅವನಿಗೆ ಎಲ್ಲಾ ಕೇಳಿಸುತ್ತೆ.”

“ಕೇಳಿಸುತ್ತಾ?” ಹುಡುಗಿಯ ಕಣ್ಣುಗಳು ದೊಡ್ಡದಾದವು. “ಹೀಗೆ ಮಲಗಿದ್ರೂ?”

“ಮಲಗಿಲ್ಲ ಅವನು. ಎಚ್ಚರವಾಗೇ ಇದಾನೆ. ರೆಪ್ಪೆ ಎತ್ತೋಕಾಗ್ತಿಲ್ಲ, ಬೆರಳು ಆಡಿಸೋಕಾಗ್ತಿಲ್ಲ, ಅಷ್ಟೇ.”

“ಅಯ್ಯೋ, ಬೆಳಗಿಂದ ಇವನ ಅಣ್ಣನ್ನ ನಾನು ಏನೇನು ಬೈದೆ!” ಎಂದು ಅವಳು ನಾಲಗೆ ಕಚ್ಚಿಕೊಂಡಳು. ಅಳುತ್ತಲೇ ನಕ್ಕಳು. ಆ ನಗು ನೋಡಿ ಡಾಕ್ಟರಮ್ಮನಿಗೂ ಎದೆ ಹಗುರವಾದಂತಾಗಿ, “ಇನ್ನೊಂದು ಮುಖ್ಯವಾದ್ದು ನೋಡ್ಕೋ,” ಎನ್ನುವಷ್ಟರಲ್ಲಿ ಜೇಬಿನಲ್ಲಿ ಫೋನು ಅದುರಿತು. ನಗರದ ದೊಡ್ಡ ಆಸ್ಪತ್ರೆಯಿಂದ. ಬೆಳಗಿನಿಂದ ಅಲ್ಲಿ ಒಂದು ಬೆಡ್ಡಿಗಾಗಿ ಅಂಗಲಾಚುತ್ತಿದ್ದಳು. ಕಾರಿಡಾರಿಗೆ ಓಡಿ ಕಿವಿಗಿಟ್ಟುಕೊಂಡಳು. ಎಳೆಯ ದನಿಯೊಂದು ಲೈನಲ್ಲಿರಿ ಅಂದಿತು, ಸಂಗೀತ ಹಾಕಿತು. ಅದೇ ನಾಲ್ಕು ಸ್ವರ ಸುತ್ತಿ ಸುತ್ತಿ ಬಂದವು. ಗೋಡೆಯಲ್ಲಿ ಯಾರೋ ಒರೆಸಿದ ಎಣ್ಣೆಗೈಯ ಗುರುತು ನೋಡುತ್ತ ನಿಂತಳು. ಬೆಳಿಗ್ಗೆ ಸೂಪರಿಂಟೆಂಡೆಂಟರ ಕೋಣೆಯಲ್ಲೂ ಹೀಗೆಯೇ ನಿಂತಿದ್ದಳು. ಸ್ಟೋರಿನ ಮೆಷಿನ್ ವಿಷಯ ಎತ್ತಿದ್ದಕ್ಕೆ ಅವರು ಎದುರಿಗಿದ್ದ ಗುತ್ತಿಗೆದಾರನ ಕಡೆ ತಿರುಗಿ, “ನಮ್ಮ ಡಾಕ್ಟರಮ್ಮಂಗೆ ದಿನಾ ಒಂದು ಮೆಷಿನ್ ಕೊಡಿಸ್ಬೇಕು, ತವರಿಗೆ ಬಂದ ಮಗಳ ಹಾಗೆ,” ಎಂದು ನಕ್ಕಿದ್ದರು. ಗುತ್ತಿಗೆದಾರನೂ ನಕ್ಕಿದ್ದ. ಅವಳೂ ನಕ್ಕಿದ್ದಳು. ಆ ತನ್ನ ನಗು ಇನ್ನೂ ಬಾಯಲ್ಲಿ ಅಂಟಿಕೊಂಡಿದೆ ಅನ್ನಿಸಿ ಸೆರಗಿನಿಂದ ತುಟಿ ಒರೆಸಿಕೊಂಡಳು. ಸಂಗೀತ ನಿಂತಿತು. “ಬೆಡ್ ಇಲ್ಲ ಡಾಕ್ಟರ್. ನೀವೇ ಮ್ಯಾನೇಜ್ ಮಾಡಿ.”

ಮ್ಯಾನೇಜ್ ಮಾಡುವುದೆಂದರೆ ಪೋಸ್ಟಜ್ಜನ ಮಗಳನ್ನು ಕೇಳುವುದು. ಕೇಳುವ ಮೊದಲೇ ಡಾಕ್ಟರಮ್ಮ ಒಂದು ಕೆಲಸ ಮಾಡಿದಳು. ಮೆಷಿನ್ನಿಗೆ ಆಗುವ ಪ್ಲಗ್ಗು ಇದ್ದದ್ದು ಬಾಗಿಲ ಪಕ್ಕದ ಗೋಡೆಯಲ್ಲಿ ಮಾತ್ರ. ಪೇಂಟರನ ಮಂಚವನ್ನು ಅಲ್ಲಿಗೆ, ಪೋಸ್ಟಜ್ಜನ ಪಕ್ಕಕ್ಕೆ ತರಿಸಿ, ನಡುವೆ ಬಟ್ಟೆಯ ಪರದೆ ನಿಲ್ಲಿಸಿದಳು. ಮಂಚದ ಒಂದು ಚಕ್ರ ತಿರುಗುತ್ತಿರಲಿಲ್ಲ. ವಾರ್ಡಿನ ಆಳುಗಳಿಬ್ಬರು ಎತ್ತಿ ಎತ್ತಿ ಇಟ್ಟು ಎಳೆದರು, ನೆಲ ಕಿರುಗುಟ್ಟಿತು, ಹುಡುಗಿ ಪಕ್ಕದಲ್ಲೇ ಬ್ಯಾಗು ಒತ್ತುತ್ತ ಓರೆಯಾಗಿ ನಡೆದುಬಂದಳು. ಡಾಕ್ಟರಮ್ಮ ಪೇಂಟರನ ಎದೆಗೆ ಸ್ಟೆತಸ್ಕೋಪು ಇಟ್ಟು ನೋಡಿದಳು. ಎರಡೂ ಕಡೆ ಗಾಳಿ ಚೆನ್ನಾಗಿ ಹೋಗುತ್ತಿತ್ತು. ಇಟ್ಟು ನೋಡಿದ್ದು ಮಂಚ ಎಳೆದ ಮೇಲೋ, ಎಳೆಯುವ ಮೊದಲೋ? ಆಗ ಅದು ಪ್ರಶ್ನೆಯಾಗಿರಲಿಲ್ಲ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಕ್ಲಿಪ್ಪು ಇದ್ದದ್ದು ಒಂದೇ. ಅದೇ ಗಳಿಗೆಯಲ್ಲಿ ಹೆರಿಗೆ ವಾರ್ಡಿನಿಂದ ಟ್ರೇನಿ ಓಡಿಬಂದು, ಅಲ್ಲಿ ಬಾಣಂತಿಗೆ ರಕ್ತ ನಿಲ್ಲುತ್ತಿಲ್ಲ, ಅಲ್ಲಿನ ಡಾಕ್ಟರು ಕ್ಲಿಪ್ಪು ಕೇಳುತ್ತಿದ್ದಾರೆ ಎಂದಾಗ, ಹಿರಿಯ ಸಿಸ್ಟರ್ ಡಾಕ್ಟರಮ್ಮನ ಮುಖ ನೋಡಿದಳು, ಡಾಕ್ಟರಮ್ಮ ತಲೆಯಾಡಿಸಿದಳು, ಸಿಸ್ಟರ್ ಪೇಂಟರನ ಬೆರಳಿನಿಂದ ಕ್ಲಿಪ್ಪು ಕಳಚಿಕೊಂಡು ಹೋದಳು.

ಪರದೆಯ ಆಚೆ ಹುಡುಗಿ ಗಂಡನಿಗೆ ಏನೋ ಹೇಳುತ್ತಿದ್ದಳು. ಈಚೆ ಪೋಸ್ಟಜ್ಜನ ಮಗಳು ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಡಾಕ್ಟರಮ್ಮನಿಗಾಗಿಯೇ ಕಾಯುತ್ತಿದ್ದವಳ ಹಾಗೆ ಮುಖವೆತ್ತಿದಳು.

“ಮಂಚ ಎಳೆದು ತಂದಾಗಲೇ ಅಂದ್ಕೊಂಡೆ,” ಅಂದಳು. ಬೆಳಗಿನಿಂದ ಜೋಡಿಸಿದ ವಾಕ್ಯಗಳೆಲ್ಲ ಒಂದೇ ಏಟಿಗೆ ಉದುರಿಹೋದವು.

“ಹುಡುಗನಿಗೆ ಹಾವು ಕಚ್ಚಿದೆ. ಮೆಷಿನ್ ಇದ್ರೆ ಬದುಕ್ತಾನೆ.”

“ಇಲ್ದಿದ್ರೆ?”

“ಕೈಯಲ್ಲಿ ಎಷ್ಟು ದಿನ ಅಂತ ಒತ್ತೋದು.”

ಮಗಳು ಅಪ್ಪನ ಹೊದಿಕೆಯ ಅಂಚನ್ನು ಎಳೆದು ಸರಿಮಾಡಿದಳು. “ಅಪ್ಪ ಹೋಗಿಬಿಟ್ಟಿದಾರಾ, ಇಲ್ವಾ? ಅದೊಂದು ಹೇಳಿ.”

“ಅವರು ವಾಪಸ್ ಬರಲ್ಲ.”

“ನಾನು ಕೇಳಿದ್ದು ಅದಲ್ಲ.”

ಮೆದುಳು, ರಕ್ತ, ಪಾಪೆ, ಪ್ರತಿಕ್ರಿಯೆ. ಈ ಪದಗಳನ್ನೆಲ್ಲ ಎಷ್ಟು ಜನರ ಮುಂದೆ ಎಷ್ಟು ಸರಾಗವಾಗಿ ಹೇಳಿದ್ದಾಳೆ. ಈ ಹೆಂಗಸಿನ ಮುಂದೆ ಅವು ಒಂದೂ ಬಾಯಿಗೆ ಬರಲಿಲ್ಲ. “ನನಗೆ ಗೊತ್ತಿರೋ ಮಟ್ಟಿಗೆ, ಹೋಗಿದಾರೆ,” ಅಂದಳು. “ಮೆಷಿನ್ ಉಸಿರಾಡ್ತಾ ಇರೋದು. ಅವರಲ್ಲ.”

ಮಗಳು ಎದ್ದಳು. ಪರದೆಯನ್ನು ಒಂದಿಷ್ಟೇ ಸರಿಸಿ ಆಚೆ ನೋಡಿದಳು. ಹುಡುಗಿ ಇವಳ ಕಡೆ ನೋಡಲಿಲ್ಲ; ಬ್ಯಾಗು ಒತ್ತುತ್ತ, ಗಂಡನ ಕಿವಿಯ ಹತ್ತಿರ ಬಗ್ಗಿ, “ನೀನು ಎದ್ದ ಮೇಲೆ ಆ ನೀಲಿ ಗೋಡೆ ನೀನೇ ಮುಗಿಸ್ಬೇಕು ನೋಡು, ನನ್ನ ಕೈಲಾಗಲ್ಲಪ್ಪ,” ಎನ್ನುತ್ತಿದ್ದಳು. ಮಗಳು ಬಹಳ ಹೊತ್ತು ನೋಡಿದಳು. ತಿರುಗಿ ಬಂದಾಗ ಮೊದಲ ಸಲ ಅವಳ ಮುಖದ ಅಂಚು ಸಡಿಲವಾಗಿತ್ತು.

“ಆ ಮಗು ಇನ್ನೆಷ್ಟು ಹೊತ್ತು ಅಂತ ಒತ್ತೀತು,” ಅಂದಳು. “ತಗೊಳ್ಳಿ.” ಮತ್ತೆ, ಡಾಕ್ಟರಮ್ಮ ಏನನ್ನೂ ಹೇಳುವ ಮೊದಲು: “ಆದ್ರೆ ಗಡ್ಡ ಬಂದುಬಿಟ್ಟಿದೆ ನೋಡಿ. ಯೂನಿಫಾರಂ ಬಿಟ್ಟ ಮೇಲೂ ಒಂದು ದಿನ ಗಡ್ಡ ಮಾಡ್ದೆ ಹೊರಗೆ ಕಾಲಿಟ್ಟವರಲ್ಲ. ಹೀಗೆ ಕಳಿಸೋಕೆ ಮನಸ್ಸು ಬರ್ತಿಲ್ಲ. ಬೇಗ ಮುಗಿಸ್ತೀನಿ.”

ಇಲ್ಲ ಅನ್ನಬಹುದಿತ್ತು. ಆಮೇಲೆ ಮಾಡಿ, ಮೊದಲು ಮೆಷಿನ್ ಕೊಡಿ ಅನ್ನಬಹುದಿತ್ತು. ಡಾಕ್ಟರಮ್ಮ ಪರದೆಯ ಕಡೆ ಕಿವಿಗೊಟ್ಟಳು. ಫುಸ್ಸೆಂದು ಬ್ಯಾಗು, ಒಂದು ಬಿಡುವು, ಮತ್ತೆ ಫುಸ್ಸೆಂದು ಬ್ಯಾಗು. ನಿದ್ದೆ ಹೋದ ಮಗುವಿನ ಹಾಗೆ ಒಂದೇ ಸಮನೆ. ಆ ಸದ್ದು ಅವಳಿಗೆ ಅಭಯದಂತೆ ಕೇಳಿಸಿತು. “ಮಾಡಿ,” ಅಂದಳು.

ಮಗಳು ಚೀಲದಿಂದ ರೇಜರು, ಬ್ರಷ್ಷು, ಸಣ್ಣ ಸೋಪಿನ ಬಿಲ್ಲೆ ತೆಗೆದಳು. ಮೊದಲ ದಿನದಿಂದಲೂ ತಂದಿಟ್ಟುಕೊಂಡಿದ್ದಳು. ನೀರಿನ ಲೋಟ ಇಡಲು ಜಾಗವಿರಲಿಲ್ಲ. ಡಾಕ್ಟರಮ್ಮ ಕೈಯಲ್ಲಿ ಹಿಡಿದು ನಿಂತಳು. ಬಾಯಿಂದ ಹೊರಟ ಕೊಳವೆಯನ್ನು ಕೆನ್ನೆಗೆ ಅಂಟಿಸಿದ ಪಟ್ಟಿಯ ಸುತ್ತ ಮಗಳು ನೊರೆ ಹಚ್ಚಿದಳು, ಎಡಗೈ ಹೆಬ್ಬೆರಳಿನಿಂದ ಸುಕ್ಕು ಚರ್ಮವನ್ನು ಎಳೆದು ಹಿಡಿದು, ಹೊಲಿಗೆಯವರ ನಿಧಾನದಿಂದ ರೇಜರು ಇಳಿಸಿದಳು. ಬಿಳಿ ಕೂದಲು ಲೋಟದ ನೀರಿನಲ್ಲಿ ತೇಲಿತು. ಡಾಕ್ಟರಮ್ಮ ನೋಡುತ್ತ ನಿಂತಳು. ತನ್ನ ಅಪ್ಪ ಕೊನೆಯ ತಿಂಗಳು ತನ್ನ ಕೈಕೆಳಗೇ ಮಲಗಿದ್ದರು. ನಾಡಿ ನೋಡಿದ್ದಳು, ಹೊಟ್ಟೆ ಒತ್ತಿ ನೋಡಿದ್ದಳು, ಸೂಜಿ ಚುಚ್ಚಿದ್ದಳು, ಕೆನ್ನೆ ಮುಟ್ಟಿರಲಿಲ್ಲ. ಗಡ್ಡ ಮಾಡಲು ಯಾರನ್ನೋ ಕರೆಸುತ್ತಿದ್ದರು. ಒಮ್ಮೆ ಅಪ್ಪ ಅವಳ ಕೈಯನ್ನು ಹಿಡಿದುಕೊಂಡಾಗ ಅವಳು ಅಭ್ಯಾಸಬಲದಿಂದ ಗಡಿಯಾರ ನೋಡಿ ನಾಡಿ ಎಣಿಸಿದ್ದಳು. ಅಪ್ಪ ನಕ್ಕು ಕೈ ಬಿಟ್ಟಿದ್ದರು. ಈಗ ಲೋಟ ಹಿಡಿದು ನಿಂತವಳಿಗೆ, ಈ ಹೆಂಗಸು ತನ್ನ ಪರವಾಗಿಯೂ ಒಂದಿಷ್ಟು ಮಾಡುತ್ತಿದ್ದಾಳೆ, ಮಾಡಿಕೊಳ್ಳಲಿ, ಅವಸರ ಬೇಡ ಅನ್ನಿಸಿತು. ಹಾಗನ್ನಿಸಿದ್ದು ನಿಜ. ಪರದೆಯಾಚೆಯಿಂದ ಬ್ಯಾಗಿನ ಸದ್ದು ಬರುತ್ತಲೇ ಇತ್ತು. ಹುಡುಗಿ ಸಣ್ಣ ದನಿಯಲ್ಲಿ ಏನನ್ನೋ ನೆನೆಸಿಕೊಂಡು ನಗುತ್ತಿದ್ದಳು.

ಗದ್ದದ ಕೆಳಗೆ ಒಂದು ಕಡೆ ಉಳಿದಿತ್ತು. ಮಗಳು ಮತ್ತೆ ನೊರೆ ಹಚ್ಚಿದಳು. ಒದ್ದೆ ಬಟ್ಟೆಯಿಂದ ಒರೆಸಿದಳು. ಕನ್ನಡಿ ಹಿಡಿದವರ ಹಾಗೆ ಸ್ವಲ್ಪ ಹಿಂದೆ ಸರಿದು ನೋಡಿ, “ಈಗ ಸರಿಯಾದೆ ನೋಡು,” ಅಂದಳು. ಡಾಕ್ಟರಮ್ಮ ಮೆಷಿನ್ ನಿಲ್ಲಿಸಿದಳು. ಪೋಸ್ಟಜ್ಜನ ಎದೆ ಇಳಿಯಿತು, ಮತ್ತೆ ಏಳಲಿಲ್ಲ. ಮಗಳು ಅಪ್ಪನ ಕೆನ್ನೆಯ ಮೇಲೆ ಅಂಗೈಯಿಟ್ಟು ನಿಂತಿರುವಾಗ ಆ ಕೊಳವೆಯನ್ನು ಕಿತ್ತುಕೊಂಡು ಆಚೆ ಓಡುವುದು ಹೊಲಸೆನಿಸಿ ಡಾಕ್ಟರಮ್ಮ ಕಾದಳು. ಆಳುಗಳು ಬಂದು ಮಂಚವನ್ನು ತಳ್ಳಿಕೊಂಡು ಹೊರಟರು, ಮಗಳು ಜೊತೆಗೆ ಹೊರಟಳು. ಬಾಗಿಲಲ್ಲಿ ತಿರುಗಿ ನಿಂತು, “ಬೇಗ ಹಾಕಿ ಅವನಿಗೆ,” ಅಂದಳು.

ಡಾಕ್ಟರಮ್ಮ ಪರದೆ ಸರಿಸಿದಳು. ಮೆಷಿನ್ನನ್ನು ತಾನೇ ಎಳೆದು ತರುತ್ತಿದ್ದ ಅವಳನ್ನು ಕಂಡು ಹುಡುಗಿಯ ಮುಖವೆಲ್ಲ ಬೆಳಕಾಯಿತು. ಒತ್ತುತ್ತಲೇ ಇದ್ದಳು, ಒಂದು ತಾಳವೂ ತಪ್ಪದೆ. “ನಿಲ್ಲಿಸೇ ಇಲ್ಲ ಮೇಡಂ,” ಅಂದಳು. “ನೀವು ಹೇಳಿದ ಹಾಗೇ.”

ಪೇಂಟರನ ತುಟಿಗಳು ನೀಲಿಯಾಗಿದ್ದವು. ಬ್ಯಾಗು ಒತ್ತಿದಾಗ ಎದೆ ಏಳುತ್ತಿರಲಿಲ್ಲ; ಹೊಟ್ಟೆ ಏಳುತ್ತಿತ್ತು, ಚೆಂಡಿನಂತೆ ಊದಿಕೊಂಡು. ಕೊಳವೆ ಜಾರಿ ಅನ್ನನಾಳಕ್ಕೆ ಇಳಿದಿತ್ತು. ಎಷ್ಟು ಹೊತ್ತಿನಿಂದಲೋ ಹುಡುಗಿ ತನ್ನ ಗಂಡನ ಹೊಟ್ಟೆಗೆ ಗಾಳಿ ತುಂಬುತ್ತಿದ್ದಳು.

ಆಮೇಲೆ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು. ಕೊಳವೆ ಎಳೆದದ್ದು, ಹೊಸದನ್ನು ಇಳಿಸಿದ್ದು, ಎದೆ ಒತ್ತಿದ್ದು, ಸೂಜಿ ಕೊಟ್ಟದ್ದು, ಹೆರಿಗೆ ವಾರ್ಡಿನಿಂದ ಓಡಿಬಂದ ಸಿಸ್ಟರ್ ಎದುರು ಬದಿಯಲ್ಲಿ ನಿಂತು ಒತ್ತಿದ್ದು. ಮೆಷಿನ್ ಪಕ್ಕದಲ್ಲಿ ಸಿದ್ಧವಾಗಿ ನಿಂತಿತ್ತು. ಹೃದಯ ನಿಂತು ಬಹಳ ಹೊತ್ತಾಗಿತ್ತು. ಡಾಕ್ಟರಮ್ಮನಿಗೆ ಅದು ಮೊದಲ ಒತ್ತಿಗೇ ಗೊತ್ತಾಗಿತ್ತು, ಆದರೂ ನಿಲ್ಲಿಸಲಿಲ್ಲ. ಕೊನೆಗೆ ಸಿಸ್ಟರ್ ಅವಳ ಮಣಿಕಟ್ಟು ಹಿಡಿದು, “ಸಾಕು ಮೇಡಂ,” ಅಂದಳು. ಆಮೇಲೆ ಬಹಳ ಮೆಲ್ಲಗೆ, “ಟ್ಯೂಬು ಯಾವಾಗ ಜಾರಿತು?”

“ಗೊತ್ತಿಲ್ಲ.”

ಗೊತ್ತಿರಲಿಲ್ಲ. ಮಂಚ ಎತ್ತೆತ್ತಿ ಇಟ್ಟಾಗಲೋ. ಹುಡುಗಿ ಬಗ್ಗಿ ಕಿವಿಯಲ್ಲಿ ಮಾತಾಡುವಾಗ ಬ್ಯಾಗು ಜಗ್ಗಿಯೋ. ತಾನು ಹಾಕಿದ ಪಟ್ಟಿಯೇ ಬೆವರಿಗೆ ಸಡಿಲಾಗಿಯೋ. ‘ಎದೆ ಏಳುತ್ತಾ ನೋಡ್ಕೋ’ ಎಂದು ಹೇಳಿದ್ದೆನೇ? ಇನ್ನೊಂದು ಮುಖ್ಯವಾದ್ದು ನೋಡ್ಕೋ ಅಂದದ್ದು ನೆನಪಿದೆ. ಫೋನು ಅದುರಿದ್ದು ನೆನಪಿದೆ, ಗೋಡೆಯ ಎಣ್ಣೆಗುರುತು ನೆನಪಿದೆ. ತಿರುಗಿ ಬಂದು ಆ ವಾಕ್ಯ ಮುಗಿಸಿದೆನೇ? ಮುಗಿಸಿದ ಹಾಗೆ ಒಂದು ಚಿತ್ರವನ್ನು ಮನಸ್ಸು ಆಗಲೇ ತಯಾರು ಮಾಡತೊಡಗಿತ್ತು. ತಾನು ಬೆರಳಿನಿಂದ ಎದೆ ತೋರಿಸುತ್ತಿರುವುದು, ಹುಡುಗಿ ತಲೆಯಾಡಿಸುತ್ತಿರುವುದು. ಅಷ್ಟು ಸ್ಪಷ್ಟವಾಗಿ ಕಂಡಿದ್ದರಿಂದಲೇ ಅದು ಸುಳ್ಳೆಂದು ಅವಳಿಗೆ ಭಯವಾಯಿತು. ಅದಕ್ಕಿಂತ ದೊಡ್ಡ ಭಯವೊಂದಿತ್ತು. ಅದರ ಹತ್ತಿರ ಹೋಗದಿರಲು ಅವಳು ಕೈ ತೊಳೆದಳು, ಪರದೆ ಮಡಿಸಿದಳು, ಉಪಯೋಗಿಸಿದ ಸೂಜಿಗಳನ್ನು ಡಬ್ಬಿಗೆ ಹಾಕಿದಳು. ಆದರೂ ಅದು ಬಂತು. ಅವನು ಎಚ್ಚರವಾಗಿದ್ದ. ಕೊಳವೆ ಜಾರಿದ್ದು ಅವನಿಗೆ ಗೊತ್ತಾಗಿತ್ತು. ಪರದೆಯ ಈಚೆ ಡಾಕ್ಟರು ನಿಂತಿರುವುದೂ, ರೇಜರಿನ ಕರಕರ ಸದ್ದೂ, ಹೆಂಡತಿಯ ನಗೆಯೂ ಅವನಿಗೆ ಕೇಳಿಸುತ್ತಿತ್ತು. ಒಂದು ಬೆರಳು ಎತ್ತಲು ಆಗಿದ್ದರೆ ಸಾಕಿತ್ತು.

ಹುಡುಗಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಬಲಗೈ ಇನ್ನೂ ಬ್ಯಾಗು ಹಿಡಿದ ಆಕಾರದಲ್ಲೇ ಬಿಗಿದುಕೊಂಡಿತ್ತು.

“ನನ್ನ ಕೈ ಸರಿಯಾಗಿ ಒತ್ತಲಿಲ್ವಾ ಮೇಡಂ?”

ಡಾಕ್ಟರಮ್ಮ ಅವಳ ಎದುರು ಕುಕ್ಕರಗಾಲಲ್ಲಿ ಕೂತಳು. “ವಿಷ ಹೃದಯಕ್ಕೆ ಇಳಿದುಬಿಡ್ತು. ನಿನ್ನ ಕೈ ಸರಿಯಾಗೇ ಒತ್ತಿತು.” ಎರಡು ವಾಕ್ಯಗಳಲ್ಲಿ ಒಂದು ಸುಳ್ಳು, ಒಂದು ನಿಜ. ಹುಡುಗಿ ಎರಡನ್ನೂ ಒಂದೇ ತೂಕದಲ್ಲಿ ತೆಗೆದುಕೊಂಡು, ತಲೆಯಾಡಿಸಿ, ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು.

ಮಧ್ಯಾಹ್ನದ ಬಿಸಿಲು ಕಾರಿಡಾರಿನ ನೆಲಕ್ಕೆ ಬಿದ್ದಿದ್ದಾಗ ಪೋಸ್ಟಜ್ಜನ ಮಗಳು ಮೆಟ್ಟಿಲು ಹತ್ತಿ ಬಂದಳು. ಮುಖ ತೊಳೆದಿದ್ದಳು, ತಲೆ ಬಾಚಿದ್ದಳು. ನೆಂಟರಿಗೆಲ್ಲ ತಿಳಿಸಿಯಾಯಿತು, ಗಾಡಿ ಬರುವುದಿದೆ, ಹೊರಡುವ ಮುಂಚೆ ಒಂದು ಮಾತು ಕೇಳಿ ಹೋಗೋಣ ಎಂದು ಬಂದೆ ಅಂದಳು. “ಆ ಹುಡುಗ ಹೇಗಿದಾನೆ?”

“ಇದಾನೆ,” ಅಂದಳು ಡಾಕ್ಟರಮ್ಮ.

ಯೋಚಿಸಿ ಹೇಳಿದ್ದಲ್ಲ. ಮುಗ್ಗರಿಸಿದವರು ಕೈಗೆ ಸಿಕ್ಕಿದ್ದನ್ನು ಹಿಡಿಯುವ ಹಾಗೆ ಹೇಳಿದಳು. ಎದುರಿನ ಮುಖದಲ್ಲಿ ಏನೋ ಕರಗಿತು. ಇಷ್ಟು ದಿನ ಅಳದಿದ್ದವಳು ಅತ್ತಳು. ಸೆರಗಿನಿಂದ ಕಣ್ಣೊತ್ತಿಕೊಂಡು, “ಒಂದು ಸಲ ನೋಡ್ಲಾ? ದೂರದಿಂದ,” ಅಂದಳು.

“ಬೇಡ. ಸೋಂಕು ಆಗುತ್ತೆ.”

“ಹೌದಲ್ವಾ. ಬೇಡ ಬೇಡ.” ಅವಳು ಡಾಕ್ಟರಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಸಲ ಅದುಮಿ, ಇಳಿದು ಹೋದಳು.

ಕಿಟಕಿಯಿಂದ ಡಾಕ್ಟರಮ್ಮ ಅಂಗಳ ನೋಡಿದಳು. ಹೆಣದ ವ್ಯಾನು ಬಂದು ನಿಂತಿತ್ತು. ಆಸ್ಪತ್ರೆಗೆ ಇದ್ದದ್ದು ಅದೊಂದೇ. ಹಿಂಬಾಗಿಲು ತೆರೆದಿತ್ತು. ಒಳಗೆ ಆಗಲೇ ಒಂದು ಸ್ಟ್ರೆಚರು. ಅದರ ಪಕ್ಕದ ಹಲಗೆಯ ಮೇಲೆ ಮುದುಕಿಯೊಬ್ಬಳು, ಪೇಂಟರನ ಅಣ್ಣ, ಹುಡುಗಿ. ಎರಡನೆಯ ಸ್ಟ್ರೆಚರನ್ನು ಆಳುಗಳು ಎತ್ತಿ ಸೇರಿಸುತ್ತಿದ್ದರು. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಮೆಟ್ಟಿಲುಗಳನ್ನು ಓಡಿ ಇಳಿದಳು. ಇಳಿದು ಏನು ಮಾಡಬೇಕೆಂದು ಗೊತ್ತಿರಲಿಲ್ಲ.

“ಎರಡೂ ಮನೆ ಒಂದೇ ರೋಡು ಮೇಡಂ,” ಅಂದ ಡ್ರೈವರ್, ತಾನೇ ಏನೋ ತಪ್ಪು ಮಾಡಿದವನಂತೆ. “ಆಮೇಲೆ ಇನ್ನೊಂದು ಟ್ರಿಪ್ಪಿಗೆ ಡೀಸೆಲ್ ಇಲ್ಲ.”

ಪೋಸ್ಟಜ್ಜನ ಮಗಳು ವ್ಯಾನಿನೊಳಗೆ ಹತ್ತಿ ಕೂತಿದ್ದಳು. ಹುಡುಗಿಯ ಬಿಗಿದುಕೊಂಡ ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ತಿಕ್ಕಿ ಬಿಡಿಸುತ್ತಿದ್ದಳು. ಹುಡುಗಿ ಕಣ್ಣು ಮುಚ್ಚಿ ತಗಡಿಗೆ ತಲೆಯಾನಿಸಿದ್ದಳು. ಡಾಕ್ಟರಮ್ಮನನ್ನು ಕಂಡು ಮಗಳು ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟು, ಇಳಿದು, ವ್ಯಾನಿನಿಂದ ಸ್ವಲ್ಪ ದೂರ ಬಂದಳು. ಬೈಯುತ್ತಾಳೆ ಎಂದುಕೊಂಡಳು ಡಾಕ್ಟರಮ್ಮ. ಬೈದರೆ ಸಾಕು ಎಂದುಕೊಂಡಳು. ಅವಳು ಬೈಯಲಿಲ್ಲ. ದನಿ ತಗ್ಗಿಸಿ ಕೇಳಿದಳು:

“ನಾನು ಅಪ್ಪನಿಗೆ ಗಡ್ಡ ಮಾಡ್ತಾ ಇದ್ದೆನಲ್ಲ. ಆಗ್ಲಾ?”

ಅಂಗಳದಲ್ಲಿ ಯಾರೋ ಬಕೆಟ್ಟು ಇಟ್ಟ ಸದ್ದಾಯಿತು.

“ಅಲ್ಲ,” ಅಂದಳು ಡಾಕ್ಟರಮ್ಮ. “ಅದಕ್ಕಿಂತ ಮುಂಚೇನೇ.”

“ಮುಂಚೇನೇ?” ಅವಳು ಆ ಪದವನ್ನು ಹಿಡಿದು ನಿಂತಳು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಡಾಕ್ಟರಮ್ಮನಿಗೆ ಹೇಳಿದ ಮೇಲೆ ಹೊಳೆಯಿತು. ಹಿಂದಕ್ಕೆ ತೆಗೆದುಕೊಳ್ಳಲು ಹೊತ್ತು ಮೀರಿತ್ತು. “ಅಂದ್ರೆ ಅಪ್ಪನ ಮೆಷಿನ್ ನಿಲ್ಲಿಸೋಕೂ ಮುಂಚೆ?”

“ಹೌದು.”

“ನಿಮಗೆ ಗೊತ್ತಿತ್ತಾ?”

“ಇಲ್ಲ. ನಾನು ಪರದೆ ಸರಿಸಿ ನೋಡ್ಲಿಲ್ಲ.”

ಮಗಳು ಅವಳ ಮುಖವನ್ನೇ ನೋಡಿದಳು. ಕೋಪವಿರಲಿಲ್ಲ. ಬೆಳಗ್ಗೆ ಪರದೆಯ ಹತ್ತಿರ ಸಡಿಲವಾಗಿದ್ದ ಆ ಅಂಚು ಮತ್ತೆ ಮೊದಲಿನ ಹಾಗೆ ಬಿಗಿದುಕೊಂಡಿತು, ಅಷ್ಟೇ. “ನೋಡ್ಬೇಕಿತ್ತು,” ಅಂದಳು. ಜೋರಾಗಿಯೂ ಅಲ್ಲ. ತಿರುಗಿ ಹೋಗಿ ವ್ಯಾನು ಹತ್ತಿ, ಹುಡುಗಿಯ ಪಕ್ಕ ಕೂತು, ಕೈಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಗಡ್ಡ ಮಾಡಿದ್ದನ್ನು ಇನ್ನು ಮೇಲೆ ಅವಳು ಹೇಗೆ ನೆನೆಯುತ್ತಾಳೋ. ಡಾಕ್ಟರಮ್ಮನನ್ನು ಹೇಗೆ ನೆನೆಯುತ್ತಾಳೆಂಬುದು ಮಾತ್ರ ತೀರ್ಮಾನವಾಗಿತ್ತು.

ಬಾಗಿಲಿನ ಚಿಲಕ ಕೂರುತ್ತಿರಲಿಲ್ಲ. ಡ್ರೈವರ್ ಹಗ್ಗ ಹಿಡಿದುಕೊಂಡು ಬಂದ. “ಸ್ವಲ್ಪ ಒತ್ತಿ ಹಿಡ್ಕೊಳ್ತೀರಾ ಮೇಡಂ? ಕಟ್ಟಿಬಿಡ್ತೀನಿ.” ಒಳಗೆ ಪೋಸ್ಟಜ್ಜನ ಮಗಳು, “ಕಾಲು ಒಳಗೆ ತಗೊಳಮ್ಮ,” ಎಂದು ಹುಡುಗಿಗೆ ಹೇಳುವುದು ಕೇಳಿಸಿತು. ಡಾಕ್ಟರಮ್ಮ ಎರಡೂ ಅಂಗೈಗಳನ್ನು ಕಾದ ತಗಡಿಗೆ ಊರಿ, ಮೈಯ ಭಾರವನ್ನೆಲ್ಲ ಹಾಕಿ, ಬಾಗಿಲನ್ನು ಒತ್ತಿ ಹಿಡಿದಳು. ಡ್ರೈವರ್ ಹಗ್ಗ ಸುತ್ತಿದ, ಎಳೆದ, ಗಂಟು ಹಾಕಿದ.

“ಆಯ್ತು ಮೇಡಂ, ಬಿಡಿ,” ಅಂದ.

ಅವಳು ಬಿಡಲಿಲ್ಲ. ಅವನು ಇನ್ನೊಂದು ಸಲ ಹೇಳಬೇಕಾಯಿತು.